ಹೆಸರಘಟ್ಟದ ಕಾವಲು

ಹಳೆಯ ಮೈಸೂರು ಸೀಮೆಯ ಕನ್ನಡದಲ್ಲಿ ದನ ಮೇಯುವ ವಿಸ್ತಾರವಾದ ಹುಲ್ಲುನೆಲಕ್ಕೂ ಒಂದು ವಸ್ತುವನ್ನು ಎಚ್ಚರದಿಂದ ಕಾಯುವ ಕಾರ್ಯಕ್ಕೂ ಕಾವಲು ಎಂಬ ಒಂದೇ ಮಾತು ಸಲ್ಲುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ನಾಮಧೇಯವನ್ನು ಪಡೆದ ಗೋಸಂಪತ್ತಿಗಾಗಿ, ಬೇಸಗೆಗೆ ಇಂಥದು, ಮಳೆಗಾಲಕ್ಕೆ ಇಂಥದು, ಚಳಿಗಾಲಕ್ಕೆ ಇಂಥದು ಎಂದು ವಿಂಗಡಿಸಿ, ನೇಗಿಲು ತಾಕದಂತೆ ಕಾದಿರಿಸಿದ ನೆಲಗಳೇ ಈ ಕಾವಲುಗಳು. ದನಕ್ಕೆಂದು ಕಾದ ಹುಲ್ಲಿನಲ್ಲಿ ಕೃಷ್ಣಮೃಗವೂ ತೋಳವೂ ಎರೆಭೂತವೆಂಬ ಹಕ್ಕಿಯೂ ಉಳಿದುಕೊಂಡವು. ವನ್ಯಜೀವಿಗಳನ್ನು ಉಳಿಸಬೇಕೆಂದು ಅಂದು ಯಾರೂ ಸಂಕಲ್ಪ ತೊಟ್ಟಿರಲಿಲ್ಲ. ನೆಲವನ್ನು ಕಾದದ್ದರಿಂದ ನೆಲದ ಮೇಲಿನ ಬಾಳೂ ತಾನಾಗಿ ಉಳಿಯಿತು.

ಕಂದಾಯದ ಕಡತಗಳ ಭಾಷೆ ಬೇರೆ. ಉತ್ತು ಬಿತ್ತಲಾಗದ ನೆಲವನ್ನು ಅದು ಖರಾಬು ಎಂದು ಬರೆಯುತ್ತದೆ. ಕಟ್ಟಡವಿಲ್ಲದ ಸರ್ಕಾರಿ ನೆಲವನ್ನು ಖಾಲಿ ಜಾಗವೆಂದು ಕರೆಯುತ್ತದೆ. ಈ ಎರಡು ಶಬ್ದಗಳಿಂದ ಈ ನಾಡಿನಲ್ಲಿ ಆಗಿರುವ ಹಾನಿ ಬರಗಾಲಗಳಿಂದ ಆದ ಹಾನಿಗಿಂತ ಕಡಿಮೆಯದಲ್ಲವೆಂದು ನಾನು ನಂಬಿದ್ದೇನೆ. ಏಕೆಂದರೆ, ಯಾವುದನ್ನು ಒಮ್ಮೆ ಖಾಲಿಯೆಂದು ಕರೆದೆವೋ ಅದನ್ನು ತುಂಬಬೇಕೆಂಬ ಆತುರ ಅಧಿಕಾರಸ್ಥರಿಗೆ ಸಹಜವಾಗಿಯೇ ಹುಟ್ಟುತ್ತದೆ.

ಬೆಂಗಳೂರಿನ ವಾಯವ್ಯಕ್ಕಿರುವ ಹೆಸರಘಟ್ಟವನ್ನು ನೋಡಿದವರಿಗೆ ಈ ಮಾತಿನ ಅರ್ಥ ವಿವರಿಸಬೇಕಾಗಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಹರಿದುಬರುವ ಅರ್ಕಾವತಿಗೆ ಅಡ್ಡಲಾಗಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1894ರಲ್ಲಿ ನಿರ್ಮಿತವಾದ ಆ ಜಲಾಶಯದಿಂದ ಸೋಲದೇವನಹಳ್ಳಿಯ ಪಂಪುಗಳ ಮೂಲಕ ನೀರು ನಗರಕ್ಕೆ ಬಂದಾಗಲೇ ಬೆಂಗಳೂರಿನ ಜನ ಕೊಳಾಯಿಯ ನೀರನ್ನು ಕಂಡರು. ಅದು ಸಾಲದೆ ಹೋದಾಗ ಅದೇ ಹೊಳೆಯ ಕೆಳಗೆ, ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ, 1930ರ ದಶಕದಲ್ಲಿ ಮತ್ತೊಂದು ಜಲಾಶಯವೆದ್ದಿತು. 1974ರಿಂದ ಕಾವೇರಿಯ ನೀರು ಬರತೊಡಗಿತು. ಬಳಿಕ ಅರ್ಕಾವತಿ ನಗರದ ನೆನಪಿನಿಂದ ಮೆಲ್ಲನೆ ಜಾರಿಹೋಯಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರುಗಳಷ್ಟು ಎತ್ತರಕ್ಕೆ, ಅಪಾರ ವಿದ್ಯುತ್ತನ್ನು ವ್ಯಯಮಾಡಿ ಒಂದು ನದಿಯನ್ನು ಮೇಲೆತ್ತಿ ತರುವ ನಗರವು, ತನ್ನ ಬಾಗಿಲಲ್ಲೇ ಹರಿಯುತ್ತಿದ್ದ ಇನ್ನೊಂದು ನದಿಯ ಜಲಾನಯನವನ್ನು ಖಾಲಿ ಜಾಗವೆಂದು ಕಂಡದ್ದು ನಮ್ಮ ಕಾಲದ ದೊಡ್ಡ ದುಃಖಗಳಲ್ಲಿ ಒಂದು.

ಹೆಸರಘಟ್ಟದ ಕೆರೆಯ ಆಸುಪಾಸಿನಲ್ಲಿ ಪಶುಸಂಗೋಪನೆಯ ಕಾರ್ಯಕ್ಕಾಗಿ ಸರ್ಕಾರವು ಇಟ್ಟುಕೊಂಡ ಸಾವಿರಾರು ಎಕರೆ ಹುಲ್ಲುಗಾವಲು ಇದೆ. ಕಾರ್ತಿಕದ ಒಂದು ಮುಂಜಾನೆ ಕೆರೆಯ ಏರಿಯ ಮೇಲೆ ನಿಂತು ನೋಡಿದ್ದೇನೆ: ಇಬ್ಬನಿಯಿಂದ ಬಾಗಿದ ಹುಲ್ಲಿನ ಮೇಲೆ, ನೆಲದಿಂದ ಆಳೆತ್ತರವನ್ನೂ ಮೀರದೆ, ರೆಕ್ಕೆಗಳನ್ನು ಮೇಲಕ್ಕೆತ್ತಿ ತೇಲುತ್ತ, ಸೆಳೆವ ಎಂಬ ಬೇಟೆಹಕ್ಕಿಯೊಂದು ಸಾಲು ಹಿಡಿದು ಹೋಗುತ್ತಿತ್ತು; ಹಿಂದಕ್ಕೆ ತಿರುಗಿ ಮತ್ತೆ ಅದೇ ಸಾಲಿನಲ್ಲಿ ಬರುತ್ತಿತ್ತು, ಕಳೆದುಕೊಂಡದ್ದನ್ನು ಹುಡುಕುವವರಂತೆ. ಮಧ್ಯ ಏಷ್ಯದ ಹುಲ್ಲುನೆಲಗಳಿಂದ ಪ್ರತಿವರ್ಷವೂ ಬರುವ ಈ ಹಕ್ಕಿಗೆ ರಾತ್ರಿ ತಂಗಲು ಮರ ಬೇಡ, ಎತ್ತರವಾದ ಹುಲ್ಲೇ ಬೇಕು. ಟಿಟ್ಟಿಭವು ಮೊಟ್ಟೆಯಿಡುವುದು ಬರಿಯ ನೆಲದ ಮೇಲೆ. ನೆಲಗುಬ್ಬಿ ಗೂಡು ಕಟ್ಟುವುದು ಹುಲ್ಲಿನ ಬುಡದಲ್ಲಿ. ಲೋಕದಲ್ಲೇ ಅತಿವಿರಳವಾಗಿರುವ ಲೆಸ್ಸರ್ ಫ್ಲೋರಿಕನ್ ಹಕ್ಕಿಯೂ ಇಲ್ಲಿ ಕಾಣಿಸಿಕೊಂಡದ್ದುಂಟು. ಆ ಬೆಳಗ್ಗೆ ನಾನು ಹಿಂದಿರುಗುವ ಹೊತ್ತಿಗೆ ಛಾಯಾಚಿತ್ರ ತೆಗೆಯಲು ಬಂದವರ ಎರಡು ವಾಹನಗಳು ದಾರಿಯನ್ನು ಬಿಟ್ಟು ಅದೇ ಹುಲ್ಲಿನ ಮೇಲೆ ಚಕ್ರದ ಗೆರೆಗಳನ್ನೆಳೆಯುತ್ತಿದ್ದವು. ಆ ಗೆರೆಗಳ ಕೆಳಗೆ ಎಷ್ಟು ಗೂಡುಗಳಿದ್ದವೆಂದು ಎಣಿಸಬಲ್ಲವರು ಯಾರು?

ಹುಲ್ಲಿನ ಉಪಕಾರ ಹಕ್ಕಿಗೆ ಮಾತ್ರವೇ ಎಂದು ಕೇಳುವವರಿದ್ದಾರೆ. ದಟ್ಟವಾಗಿ ಹೆಣೆದ ಬೇರುಗಳಿಂದ ಮಣ್ಣನ್ನು ಹಿಡಿದು, ಮಳೆಯ ನೀರನ್ನು ಓಡಗೊಡದೆ ತಡೆದು ನೆಲಕ್ಕಿಳಿಸಿ, ಹೂಳನ್ನು ಕೆರೆಗೆ ಬಿಡದೆ ಕಾಯುವ ಈ ಹುಲ್ಲು ಜಲಾಶಯದ ಒಂದು ಅಂಗವೇ ಆಗಿದೆ. ಏರಿ ಎಷ್ಟು ಅಗತ್ಯವೋ ಅದೂ ಅಷ್ಟೇ ಅಗತ್ಯ. ಬಹುಕಾಲ ಒಣಗಿ ಬಿದ್ದಿದ್ದ ಈ ಕೆರೆ 2022ರ ದೊಡ್ಡ ಮಳೆಯಲ್ಲಿ ತುಂಬಿ ಕೋಡಿ ಬಿದ್ದಾಗ ಸುತ್ತಲಿನ ಹಳ್ಳಿಯವರು ಹಬ್ಬಕ್ಕೆ ಬರುವಂತೆ ಬಂದು ನೋಡಿದರು. ಅಂದು ನೀರು ಇಳಿದು ಬಂದ ನೆಲವೆಲ್ಲ ಬಡಾವಣೆಯಾಗಿ ಡಾಂಬರು ಕಂಡಿದ್ದರೆ ಕೆರೆಗೆ ಸೇರುತ್ತಿದ್ದುದು ಮಳೆಯ ನೀರಾಗಿರದೆ ಚರಂಡಿಯ ಕೊಳೆಯಾಗಿರುತ್ತಿತ್ತು.

ಈ ಹುಲ್ಲುಗಾವಲಿಗೆ ರಕ್ಷಣೆ ಬೇಕೆಂಬ ಬೇಡಿಕೆ ಹಳೆಯದು. ಇಲ್ಲಿ ಚಲನಚಿತ್ರ ನಗರವನ್ನು ಕಟ್ಟಬೇಕೆಂಬ ಯೋಚನೆಯೂ ನಡುವೆ ಬಂದಿತ್ತು. 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಸಂರಕ್ಷಣೆಯ ಪ್ರಸ್ತಾವವನ್ನು ತಿರಸ್ಕರಿಸಿತು; ವಿಷಯ ಹೈಕೋರ್ಟಿನ ಮೆಟ್ಟಿಲೇರಿತು; ಕಡೆಗೆ 2024ರಲ್ಲಿ ಅದೇ ಮಂಡಳಿಯು ಸುಮಾರು 5,678 ಎಕರೆ ಪ್ರದೇಶವನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲು ಒಪ್ಪಿತು. ಇದಕ್ಕಾಗಿ ದುಡಿದವರೆಲ್ಲರೂ ಅಭಿನಂದನಾರ್ಹರು. ಆದರೆ ಸಂತೋಷದಿಂದ ಸುಮ್ಮನಾಗುವ ಕಾಲ ಇನ್ನೂ ಬಂದಿಲ್ಲ.

ಮೀಸಲು ಎಂಬ ಮಾತು ಕೇಳಿದೊಡನೆ ಸುತ್ತಲಿನ ಗ್ರಾಮಸ್ಥರಿಗೆ ಭಯವುಂಟಾಗುವುದು ಸಹಜವೇ ಆಗಿದೆ. ದನವನ್ನು ಹೊಡೆದಟ್ಟುವರೋ, ಹೊಲದ ದಾರಿಗೆ ಬೇಲಿ ಹಾಕುವರೋ ಎಂಬ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರ ತಿದ್ದುಪಡಿಯ ಮೂಲಕ ಸೇರಿದ, ಸಂರಕ್ಷಣಾ ಮೀಸಲುಗಳನ್ನು ಕುರಿತ 36-ಎ ಪ್ರಕರಣವು ಸರ್ಕಾರದ ಒಡೆತನದ ನೆಲಕ್ಕೆ ಮಾತ್ರ ಅನ್ವಯಿಸುತ್ತದೆ, ಮತ್ತು ಸ್ಥಳೀಯ ಜನರೊಡನೆ ಸಮಾಲೋಚಿಸಿದ ನಂತರವೇ ಘೋಷಣೆ ನಡೆಯಬೇಕೆಂದು ವಿಧಿಸುತ್ತದೆ. ನಿರ್ವಹಣೆಗೆ ನೇಮಕವಾಗುವ ಸಮಿತಿಯಲ್ಲಿ ಅಲ್ಲಿನ ಪ್ರತಿಯೊಂದು ಗ್ರಾಮ ಪಂಚಾಯಿತಿಯ ಪ್ರತಿನಿಧಿಗೂ ಸ್ಥಾನವುಂಟು. ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳಿಗೂ ಉಂಟು. ಕಡೂರು ಸೀಮೆಯ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಇಂಥದೇ ಸಂರಕ್ಷಣಾ ಮೀಸಲಾಯಿತು. ಅಮೃತಮಹಲ್ ತಳಿಯ ದನಗಳು ಮೇಯುವ ಹುಲ್ಲಿನಲ್ಲೇ ಅಲ್ಲಿ ಕೃಷ್ಣಮೃಗಗಳೂ ಮೇಯುತ್ತವೆ. ವಿಜಯನಗರ ಜಿಲ್ಲೆಯ ಅಂಕಸಮುದ್ರವು ಊರಿನ ನೀರಾವರಿ ಕೆರೆ. ಅದರೊಳಗಿನ ಜಾಲಿಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆಂಬ ಕಾರಣದಿಂದ ಮೀಸಲಾಗಿ, 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಯನ್ನೂ ಸೇರಿತು. ಇನ್ನೂ ಹಿಂದಕ್ಕೆ ಹೋದರೆ, ರಂಗನತಿಟ್ಟಿನ ದ್ವೀಪಗಳು ಉಂಟಾದದ್ದೇ ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಅಣೆಯಿಂದ. ಪಕ್ಷಿತಜ್ಞ ಸಾಲಿಂ ಅಲಿಯವರ ಸಲಹೆಯನ್ನು ಕೇಳಿ 1940ರಲ್ಲಿ ಮೈಸೂರು ಸರ್ಕಾರವು ಅದನ್ನು ಪಕ್ಷಿಧಾಮವನ್ನಾಗಿ ಮಾಡಿದಾಗ ಗದ್ದೆಗೆ ಹೋಗುವ ನೀರೇನೂ ನಿಂತುಹೋಗಲಿಲ್ಲ.

ಆದ್ದರಿಂದ ಅಧಿಕಾರಿಗಳಲ್ಲಿ ನಾನು ಅರಿಕೆ ಮಾಡಿಕೊಳ್ಳಬೇಕಾದದ್ದು ಇಷ್ಟು. ನೀರಿಗಾಗಿ, ವಿದ್ಯುತ್ತಿಗಾಗಿ, ಪಶುಗಳಿಗಾಗಿ ಸಾರ್ವಜನಿಕ ಸಂಸ್ಥೆಯೊಂದಕ್ಕೆ ವಹಿಸಿಕೊಟ್ಟ ನೆಲವು, ಆ ಮೊದಲಿನ ಉಪಯೋಗ ತಗ್ಗಿದೊಡನೆ ಆ ಸಂಸ್ಥೆ ತನ್ನ ಇಷ್ಟದಂತೆ ಮಾರಬಹುದಾದ ಸೊತ್ತಾಗುವುದಿಲ್ಲ. ಜನರು ನ್ಯಾಸವಾಗಿ ಇಟ್ಟದ್ದು ನ್ಯಾಸವಾಗಿಯೇ ಉಳಿಯುತ್ತದೆ. ಜಲಾಶಯದ ಅಂಗಳ ಒಂದು ಇಲಾಖೆಗೆ, ಹುಲ್ಲುಗಾವಲು ಇನ್ನೊಂದಕ್ಕೆ, ಕಾಲುವೆಗಳು ಮತ್ತೊಂದಕ್ಕೆ ಸೇರಿರುವುದರಿಂದ ಒಬ್ಬರ ಉಪೇಕ್ಷೆಗೆ ಇನ್ನೊಬ್ಬರು ಹೊಣೆಯಲ್ಲವೆಂಬ ಪರಿಸ್ಥಿತಿ ಉಂಟಾಗಿದೆ. ಸಮಿತಿಯು ಇವರೆಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಬೇಕು. ಸಸಿ ನೆಡುವ ಉತ್ಸಾಹಿಗಳು, ಅವರ ಉದ್ದೇಶ ಎಷ್ಟೇ ಶುದ್ಧವಾಗಿರಲಿ, ಈ ನೆಲದಲ್ಲಿ ಗುಂಡಿ ತೋಡಬಾರದು. ಹುಲ್ಲುಗಾವಲಿಗೆ ನೀಲಗಿರಿಯನ್ನೋ ಅಕೇಶಿಯವನ್ನೋ ತರುವುದೆಂದರೆ ಸೆಳೆವವನ್ನು ಓಡಿಸುವುದೆಂದೇ ಅರ್ಥ. ವಾಹನಗಳು ದಾರಿಯನ್ನು ಬಿಡಬಾರದು. ಕುರಿಯವರೂ ದನದವರೂ ಇಂದಿನವರೆಗೆ ಬಂದಂತೆಯೇ ಬರಲಿ; ಯಾವ ತಿಂಗಳು ಯಾವ ಮಗ್ಗುಲಿನಲ್ಲಿ ಮೇಯಿಸಬೇಕೆಂಬುದನ್ನು ಅವರೊಡನೆ ಕೂತು ನಿರ್ಣಯಿಸುವುದು, ಹಳೆಯ ಅಮೃತಮಹಲಿನ ಪದ್ಧತಿಯನ್ನು ಬಲ್ಲ ಈ ನಾಡಿಗೆ ಹೊಸದೇನೂ ಅಲ್ಲ.

ಎಲ್ಲಕ್ಕಿಂತ ಮೊದಲು ಗಡಿಯನ್ನು ಅಳೆದು ಕಲ್ಲು ನೆಡಬೇಕು. ಆ ಎಕರೆಗಳ ಪಹಣಿಯ ಹನ್ನೊಂದನೆಯ ಕಾಲಮ್ಮಿನಲ್ಲಿ, ಮುಂದೆ ಬರುವ ಯಾವ ಅಧಿಕಾರಿಯೂ ಖಾಲಿ ಜಾಗವೆಂದು ಓದಿಕೊಳ್ಳಲಾಗದಂತೆ, ಸಂರಕ್ಷಣಾ ಮೀಸಲು ಎಂಬ ಎರಡು ಶಬ್ದಗಳನ್ನು ಸ್ಪಷ್ಟವಾಗಿ ಬರೆಯಿಸಬೇಕು. ಮುಂದಿನ ಚಳಿಗಾಲದ ಹಕ್ಕಿಗಳು ಬಂದಿಳಿಯುವುದರೊಳಗಾಗಿ ಇಷ್ಟನ್ನು ಮುಗಿಸುವುದು ಕಷ್ಟದ ಕೆಲಸವಲ್ಲ.