ಕೈ ಹೋದ ಮೇಲೆ ನೆನಪಾಗುವ ಗಾಂಜಾ

ಹುಡುಗ ಗಾಂಜಾ ದಂ ಎಳೆದು ತೆಂಗಿನ ನಾರಿನ ಶೆಡ್ಡಿನಲ್ಲಿ ರಾತ್ರಿ ಪಾಳಿಗೆ ನಿಂತಿದ್ದಾನೆಂದು ಮೇಸ್ತ್ರಿಗೆ ಗೊತ್ತಿರುತ್ತದೆ. ಲೋಡು ಮುಗಿಯಲಿ ಎಂದು ಸುಮ್ಮನಿರುತ್ತಾನೆ. ಕೈ ಯಂತ್ರಕ್ಕೆ ಸಿಕ್ಕ ಮರುದಿನ ಅದೇ ಬಾಯಲ್ಲಿ ಬರುವ ಮಾತು: ‘ಅವನು ಸೊಪ್ಪು ಹೊಡೆದಿದ್ದ, ನಮಗೇನೂ ಸಂಬಂಧವಿಲ್ಲ.’ ಇದು ಕೊಲೆಗಡುಕತನ. ನಮ್ಮ ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಕಡೆಯ ಮಕ್ಕಳನ್ನು ಹೀಗೆ ಬಲಿಕೊಡುವುದಕ್ಕೆ ಬೇರೆ ಹೆಸರಿಲ್ಲ.

ಅರಸೀಕೆರೆ ಸೀಮೆಯ ಜನಕ್ಕೆ ತೆಂಗೇ ಬದುಕು. ನಾರಿನ ಯಂತ್ರದ ಮುಂದೆ ಒಂದು ಗಳಿಗೆ ನಿಂತು ನೋಡಿ. ನೆನೆದ ಕಾಯಿಮಟ್ಟೆಯನ್ನು ಬರಿಗೈಯಲ್ಲಿ ಅದರ ಬಾಯಿಗೆ ತಳ್ಳಬೇಕು. ಒಳಗೆ ಗಿರ್ರನೆ ಸುತ್ತುವ ಮೊಳೆಗಳು ಮಟ್ಟೆಯನ್ನು ಸಿಗಿದು ನಾರು, ಪುಡಿ ಬೇರೆ ಮಾಡುತ್ತವೆ. ಪಕ್ಕದಲ್ಲೇ ಬೆಲ್ಟು. ಕಣ್ಣಿಗೆ, ಮೂಗಿಗೆ ಪುಡಿ. ಪೂರ್ತಿ ಎಚ್ಚರವಿದ್ದವನೇ ಅಂಜುವ ಜಾಗಕ್ಕೆ ಅಮಲಿನವನನ್ನು ಬಿಟ್ಟವರು ಯಾರು? ಬೆಲ್ಟಿಗೆ ತಗಡು ಹೊದಿಸದವರು ಯಾರು?

ಮಾಲೀಕರು ಬಚ್ಚಿಟ್ಟುಕೊಳ್ಳುವ ಬಿಲ ಕಾನೂನಿನಲ್ಲಿದೆ. ಕೆಲಸಗಾರ ಅಮಲಿನಲ್ಲಿದ್ದು, ಅಪಘಾತಕ್ಕೆ ಆ ಅಮಲೇ ನೇರ ಕಾರಣವಾದರೆ ಪರಿಹಾರ ಕೊಡಬೇಕಿಲ್ಲ ಎಂದು 1923ರ ಪರಿಹಾರ ಕಾಯ್ದೆ ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಪೂರ್ತಿ ಓದಿ. ಸಾವಾದರೆ, ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಈ ನೆಪ ನಡೆಯುವುದಿಲ್ಲ, ದುಡ್ಡು ಕಟ್ಟಲೇಬೇಕು. ಒಂದು ಕೈ ಹೋದರೆ ಕಾಯ್ದೆಯ ಪಟ್ಟಿಯಲ್ಲಿ ಶೇ 60ರಷ್ಟೇ ನಷ್ಟ, ‘ಪೂರ್ಣ’ ಅಲ್ಲ. ಮಾಲೀಕರ ವಕೀಲರು ಹಿಡಿದುಕೊಳ್ಳುವುದು ಇದನ್ನೇ. ಎಡಗೈ ಕತ್ತರಿಸಿಹೋದ ಒಬ್ಬ ಬಡಗಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1975ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ: ಒಂದು ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ಅದು ಪೂರ್ಣ ಅಂಗವೈಕಲ್ಯವೇ. ಎರಡೂ ಕೈಯಲ್ಲಿ ಮಟ್ಟೆ ತಳ್ಳಿ ಬದುಕುವವನ ಕೈಗೆ ಬೇರೆ ನ್ಯಾಯ ಏಕೆ?

ಇನ್ನೊಂದು ಮಾತು. 1985ರ ಮಾದಕ ವಸ್ತು ಕಾಯ್ದೆಯ 25ನೇ ಕಲಮು ಜಾಗದ ಒಡೆಯನನ್ನೂ ಹಿಡಿಯುತ್ತದೆ. ತನ್ನ ಶೆಡ್ಡಿನಲ್ಲಿ, ಲಾರಿಯಲ್ಲಿ ಗಾಂಜಾ ನಡೆಯುತ್ತಿದೆ ಎಂದು ತಿಳಿದೂ ಬಿಟ್ಟವನಿಗೆ ಆ ಅಪರಾಧದ ಶಿಕ್ಷೆಯೇ. ‘ಅವನು ದಿನಾ ಹೊಡೀತಿದ್ದ’ ಎಂದು ಸಾಕ್ಷಿ ಹೇಳುವ ಮಾಲೀಕರೇ, ದಿನಾ ನೋಡುತ್ತಿದ್ದಿರಿ ಎಂದು ನೀವೇ ಒಪ್ಪಿಕೊಂಡಂತಾಯಿತು.

ಹುಡುಗರನ್ನು ಜೈಲಿಗೆ ಅಟ್ಟಿ ಎಂದು ನಾನು ಹೇಳುತ್ತಿಲ್ಲ. ಚಟಕ್ಕೆ ಬಿದ್ದು ಸೇವನೆಯ ಕೇಸಿಗೆ ಸಿಕ್ಕವನು ತಾನಾಗಿ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಗೆ ಹೋದರೆ ಅದೇ ಕಾಯ್ದೆಯ 64ಎ ಕಲಮು ಅವನನ್ನು ಕಾಯುತ್ತದೆ. ವ್ಯಸನಮುಕ್ತಿಯ ಸಹಾಯವಾಣಿ 14446, ದುಡ್ಡಿಲ್ಲದೆ ಕರೆ ಮಾಡಬಹುದು. ಈ ನಂಬರನ್ನು ಶೆಡ್ಡಿನ ಗೋಡೆಗೆ ಬರೆಸಲು ಎಷ್ಟು ಬಣ್ಣ ಬೇಕು? ಅಮಲಿನಲ್ಲಿ ಬಂದವನನ್ನು ಅಂದು ಯಂತ್ರದಿಂದ ದೂರವಿಟ್ಟರೆ ಎಷ್ಟು ನಷ್ಟ?

ಕೈ ಕಳೆದುಕೊಂಡವರ ಮನೆಯವರೇ, ಆಸ್ಪತ್ರೆಗೆ ಬಂದು ಮಾಲೀಕರು ಮುಂದಿಡುವ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಪರಿಹಾರದ ಅರ್ಜಿಗೆ ಎರಡು ವರ್ಷದ ಗಡುವಿದೆ. ಅರ್ಜಿ ಹಾಕಿ.