ಕರೆದರೂ ತಿರುಗದ ಪುಟ್ಟಿ

2011ರ ಅಕ್ಟೋಬರಿನಲ್ಲಿ ಹಲಸೂರಿನಲ್ಲಿ ಮೆಟ್ರೊ ಓಡಲು ಶುರುವಾದಾಗ ನಮ್ಮ ಪುಟ್ಟಿ ಇನ್ನೂ ಮರಿ. ಆ ಸದ್ದಿಗೆ ಹೆದರಿ ಅಕ್ಕಿ ಡಬ್ಬದ ಹಿಂದೆ ಅಡಗುತ್ತಿದ್ದಳು. ಈಗ ದೀಪಾವಳಿಯ ಪಟಾಕಿಗೂ ಕಿವಿ ಅಲ್ಲಾಡಿಸೋದಿಲ್ಲ. ಕರೆದರೆ ಬರೋದಿಲ್ಲ. ವಯಸ್ಸಾದ ಮೇಲೆ ಸೊಕ್ಕು ಬಂತೆಂದು ನಾನೇ ಬೈದುಕೊಂಡಿದ್ದೆ.

ಮೊನ್ನೆ ಬೀದಿಯ ಬಿಸಿಲಲ್ಲಿ ಮಲಗಿದ್ದಳು. ಆಟೋ ಹಿಂದೆ ಹಿಂದೆ ಬಂತು, ನಾವೆಲ್ಲ ಕೂಗಿದರೂ ಏಳಲಿಲ್ಲ. ಪುಣ್ಯಕ್ಕೆ ಆಟೋದವರು ಇಳಿದು, ಎತ್ತಿ ನನ್ನ ಕೈಗೆ ಕೊಟ್ಟರು. ಆಗ ಗೊತ್ತಾಯಿತು.

ಅತ್ತೆಯವರು ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಡೋಣ ಅಂದರು. ಪಶುವೈದ್ಯರು ಬೇಡವೇ ಬೇಡ ಅಂದರು. ಕಿವಿಯೊಳಗೆ ಕಾಫಿ ಚರಟದಂಥ ಕಪ್ಪು ಕೊಳೆಯಿದ್ದರೆ ಅದು ಹುಳದ ಕಾಟ, ಔಷಧಿಗೆ ಹೋಗುತ್ತೆ. ಪುಟ್ಟಿಯದು ವಯಸ್ಸಿನ ಕಿವುಡು, ಅದು ವಾಪಸಾಗದು. ಅವಳು ರಾತ್ರಿ ಒರಲುವುದೂ ತನ್ನ ದನಿ ತನಗೆ ಕೇಳದೆ ಇರಬಹುದಂತೆ. ಆದರೂ ರಕ್ತದೊತ್ತಡ, ಥೈರಾಯ್ಡ್ ನೋಡಿಸಿದೆವು. ಮುದಿ ಬೆಕ್ಕು ಕೂಗಲು ಅವೂ ಕಾರಣವಾಗುತ್ತವೆ.

ಈಗ ಅವಳನ್ನು ಬೀದಿಗೆ ಬಿಡೋದಿಲ್ಲ. ಹಿಂದಿನಿಂದ ಹೋಗಿ ಮುಟ್ಟಬಾರದು. ಬೆಚ್ಚಿ ಪರಚುತ್ತಾಳೆ, ಮಗನ ಕೈಯಲ್ಲಿ ಗೀರಿದೆ. ಎದುರಿಗೆ ಬಂದು ಕೈ ಆಡಿಸಬೇಕು, ಇಲ್ಲವೇ ನೆಲವನ್ನು ಮೆಲ್ಲಗೆ ತುಳಿಯಬೇಕು. ನೆಲದ ಅದುರು ಅವಳಿಗೆ ತಿಳಿಯುತ್ತೆ. ಊಟಕ್ಕೆ ಕರೆಯಲು ಅಡುಗೆಮನೆಯ ದೀಪ ಎರಡು ಸಲ ಹಾಕಿ ಆರಿಸುತ್ತೇನೆ. ಕಲಿಯಲು ಹದಿನೈದು ದಿನ ಹಿಡಿಯಿತು, ಅವಳಿಗಿಂತ ನನಗೇ ಹೆಚ್ಚು.

ಬೆಳಿಗ್ಗೆ ಹಾಲಿನ ಪಾತ್ರೆಯ ಮುಚ್ಚಳ ಮಾತ್ರ ಈಗಲೂ ತಟ್ಟಿಬಿಡುತ್ತೇನೆ. ಆಮೇಲೆ ನೆನಪಾಗಿ ದೀಪದ ಸ್ವಿಚ್ಚಿಗೆ ಕೈ ಹೋಗುತ್ತೆ.