ಬಣ್ಣದ ಕಾಗದಕ್ಕೊಂದು ಜಾಗ



ಗಣಪತಿ ಹಬ್ಬ, ನವರಾತ್ರಿ, ದೀಪಾವಳಿ, ಜೊತೆಗೆ ನವೆಂಬರ್ 1ರ ರಾಜ್ಯೋತ್ಸವ. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಥಾಣೆಯಿಂದ ಕಲ್ಯಾಣದವರೆಗೆ, ಅತ್ತ ವಾಶಿ, ನೆರೂಲಿನವರೆಗೆ ನಮ್ಮವರ ಮನೆಗಳಲ್ಲಿ ಎರಡು ವಸ್ತುಗಳು ಉಳಿಯುತ್ತವೆ. ಒಂದು ಡಬ್ಬಿಯ ತಳದ ಚಕ್ಕುಲಿ ಪುಡಿ. ಇನ್ನೊಂದು ಕಪಾಟಿನ ಹಿಂದೆ ಸುರುಳಿ ಸುತ್ತಿ ನಿಲ್ಲಿಸಿದ ಬಣ್ಣದ ಕಾಗದ. ಚಕ್ಕುಲಿ ಪುಡಿಯ ವಿಲೇವಾರಿ ನಿಮಗೆ ಚೆನ್ನಾಗಿ ಗೊತ್ತು. ಈ ಸಲ ಕಾಗದದ ವಿಚಾರ ನೋಡೋಣ.

2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರಕಾರ ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದನ್ನು ನಿಷೇಧಿಸಿತು. ಅಂದಿನಿಂದ ಮನೆಯ ಗಣಪತಿಯ ಮಂಟಪವಿರಲಿ, ಸಂಘದ ವೇದಿಕೆಯಿರಲಿ, ಭಾರ ಕಾಗದದ ಮೇಲೆಯೇ ಹೆಚ್ಚು. ಒಳ್ಳೆಯದೇ ಆಯಿತು. ಆದರೆ ಪ್ರತಿ ವರ್ಷವೂ ಹೊಸದಾಗಿ ಕೊಳ್ಳುತ್ತೇವಲ್ಲ, ಹೋದ ವರ್ಷ ಉಳಿದದ್ದು ಎಲ್ಲಿಗೆ ಹೋಯಿತು? ಅರ್ಧ ರದ್ದಿಯವನ ಪಾಲು, ಅರ್ಧ ಮಳೆಗಾಲದ ಪಾಲು.

ಮನೆಯಲ್ಲಿ ಜಾಗವಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಒಂದು ಕೋಣೆ, ಒಂದು ಹಾಲ್, ಅದರಲ್ಲಿ ಐದು ಜನ, ಸುಳ್ಳೇನಲ್ಲ. ಆದರೂ ನನ್ನನ್ನು ಕೇಳಿದರೆ ಜಾಗಕ್ಕಿಂತ ದೊಡ್ಡ ವೈರಿ ನಮ್ಮ ಗಾಳಿ. ಜುಲೈ, ಆಗಸ್ಟ್ ತಿಂಗಳಲ್ಲಿ ಇಲ್ಲಿಯ ಗಾಳಿಯ ತೇವಾಂಶ ಶೇಕಡಾ 80ನ್ನೂ ದಾಟುತ್ತದೆ. ಕಾಗದವೆಂದರೆ ಸಸ್ಯದ ನಾರು. ಅದು ಗಾಳಿಯ ನೀರನ್ನು ಹೀರುತ್ತದೆ, ಗಾಳಿ ಒಣಗಿದಾಗ ಬಿಡುತ್ತದೆ. ನೀರು ಕುಡಿದ ನಾರು ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ದಪ್ಪಗಾಗುತ್ತದೆ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುವುದರಿಂದ ಹಾಳೆ ಒಂದು ಕಡೆಗೆ ಮಾತ್ರ ಹಿಗ್ಗಿ ಬಾಗುತ್ತದೆ. ಗೋಡೆಗೆ ಒರಗಿಸಿ ನಿಲ್ಲಿಸಿದ ಕಾರ್ಡ್‌ಶೀಟ್ ಆಗಸ್ಟ್‌ನಲ್ಲಿ ದೋಣಿಯಂತಾಗುವುದು ಇದರಿಂದಲೇ. ಶೇಕಡಾ 70ರ ಆಸುಪಾಸಿನ ತೇವ ಬಹಳ ದಿನ ಉಳಿದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಕಪ್ಪು ಚುಕ್ಕೆ ಒಮ್ಮೆ ಬಿದ್ದರೆ ಯಾವ ರಬ್ಬರಿಗೂ ಹೋಗದು.

ಆದ್ದರಿಂದ ಕಾಗದವನ್ನು ಮಲಗಿಸಬೇಕು, ಮೇಲೆ ಹಗುರವಾದ ಭಾರವಿರಬೇಕು, ಮಳೆಗಾಲದಲ್ಲಿ ಒದ್ದೆಯಾಗುವ ಹೊರಗೋಡೆಯಿಂದ ದೂರವಿರಬೇಕು. ಎಲ್ಲಿ ಮಲಗಿಸುವುದು? ಅಂಗಡಿಯಲ್ಲಿ ಸಿಗುವ ದೊಡ್ಡ ಕಾರ್ಡ್‌ಶೀಟ್ ಸಾಮಾನ್ಯವಾಗಿ 22 ಇಂಚು ಅಗಲ, 28 ಇಂಚು ಉದ್ದ. ಗೋದ್ರೆಜ್ ಕಪಾಟಿನ ಯಾವ ಖಾನೆಯಲ್ಲೂ ಅದು ಸುಲಭವಾಗಿ ಹಿಡಿಸದು. ಆದರೆ 3 ಅಡಿ ಅಗಲ, 6 ಅಡಿ ಉದ್ದದ ಮಂಚದಲ್ಲಿ, ಹಲಗೆಗೂ ಹಾಸಿಗೆಗೂ ನಡುವೆ, ಇಂಥ ಹಾಳೆಗಳ ಮೂರು ಕಟ್ಟುಗಳು ಪಕ್ಕಪಕ್ಕದಲ್ಲಿ ಮಲಗುತ್ತವೆ. ದಪ್ಪ ರಟ್ಟಿನ ಎರಡು ತುಂಡುಗಳ ನಡುವೆ ಇಟ್ಟು, ನಾಡಿ ಕಟ್ಟಿ ಒಳಗೆ ಸರಿಸಿದರೆ ಮುಗಿಯಿತು. 250 ಗ್ರಾಮಿನ ದಪ್ಪ ಹಾಳೆಯಾದರೆ 10 ಹಾಳೆಗೆ ಸುಮಾರು 1 ಕಿಲೋ ತೂಕ, ಮಂಚಕ್ಕೇನೂ ಭಾರವಲ್ಲ. ಮಲಗುವವರ ಭಾರಕ್ಕೆ ಹಾಳೆ ಇಸ್ತ್ರಿ ಹಾಕಿದ ಹಾಗೆ ನೆಟ್ಟಗಿರುತ್ತದೆ. ಮನೆಯಲ್ಲಿ ಪುಟ್ಟ ಮಗುವಿದ್ದರೆ ಅದು ಮಲಗುವ ಮಂಚ ಬೇಡ, ಕಾರಣ ವಿವರಿಸಬೇಕಿಲ್ಲ.

ನೆಲಮಹಡಿಯಲ್ಲಿರುವವರು ಮಾತ್ರ ಮಂಚದ ಕೆಳಗೆ, ಅಂದರೆ ನೆಲದ ಮೇಲೆ, ಏನನ್ನೂ ಇಡಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯಾಯಿತು. ಉಲ್ಹಾಸ ನದಿ ಉಕ್ಕಿ ಕಲ್ಯಾಣ, ಬದ್ಲಾಪುರದ ಎಷ್ಟೋ ಮನೆಗಳಿಗೆ ನೀರು ನುಗ್ಗಿತು. ನಿಮ್ಮಲ್ಲಿ ಹಲವರು ಆಗ ಹುಟ್ಟಿರಲಿಲ್ಲ. ಮನೆಯ ಹಿರಿಯರನ್ನು ಕೇಳಿ ನೋಡಿ. ಅಂಥ ಮನೆಗಳಿಗೆ ಅಟ್ಟವೇ ಸರಿ, ಇಲ್ಲಿಯ ಭಾಷೆಯಲ್ಲಿ ಪೋಟಮಾಳಾ. ಅಟ್ಟಕ್ಕೆ ಹಾಕುವ ಮುನ್ನ ಅದರ ಮೇಲಿನ ಸ್ಲ್ಯಾಬು ಸೋರುತ್ತದೆಯೇ ಎಂದು ನೋಡಿಕೊಳ್ಳಿ.

ದೊಡ್ಡ ಹಾಳೆಗಳೆಲ್ಲ ದೊಡ್ಡದಾಗಿಯೇ ಇರಬೇಕೆಂದೂ ಇಲ್ಲ. ಒಂದು ಕಾರ್ಡ್‌ಶೀಟಿನಿಂದ ಎ-4 ಅಳತೆಯ ನಾಲ್ಕು ಹಾಳೆಗಳು ಬರುತ್ತವೆ. ಐದು ಇಂಚಿಗೂ ತುಸು ಹೆಚ್ಚಿನ ಒಂದು ಉದ್ದ ಪಟ್ಟಿ, ನಾಲ್ಕೂವರೆ ಇಂಚಿನ ಒಂದು ಗಿಡ್ಡ ಪಟ್ಟಿ ಉಳಿಯುತ್ತವೆ. ನಾಲ್ಕು ಹಾಳೆ ಸೀರೆಯ ಡಬ್ಬಿಗೆ. ಪಟ್ಟಿಗಳು ತೋರಣಕ್ಕೆ, ಇಲ್ಲವೇ ರಾಜ್ಯೋತ್ಸವದ ಹಳದಿ ಕೆಂಪು ಬಾವುಟಕ್ಕೆ. ಅಂಗೈಗಿಂತ ಚಿಕ್ಕ ತುಂಡುಗಳನ್ನು ಮಿಠಾಯಿ ಡಬ್ಬಿಯಲ್ಲಿ ಹಾಕಿ; ಆ ಡಬ್ಬಿ ತುಂಬಿದ ಮೇಲೂ ಉಳಿದದ್ದನ್ನು ಧೈರ್ಯವಾಗಿ ರದ್ದಿಗೆ ಕೊಡಿ. ಎಲ್ಲವನ್ನೂ ಕೂಡಿಡುವುದು ಹವ್ಯಾಸವಲ್ಲ, ರೋಗ.

ಇನ್ನು ಜಾತಿಭೇದ. ಕಾಗದದಲ್ಲಿ ಇದು ಬೇಕು. ಕ್ರೇಪ್ ಕಾಗದ ಮತ್ತು ಪತಂಗದ ತೆಳು ಕಾಗದ ತೇವ ತಗುಲಿದರೆ ಬಣ್ಣ ಬಿಡುತ್ತವೆ, ಪಕ್ಕದ ಬಿಳಿ ಹಾಳೆಯನ್ನು ಹೋಳಿ ಆಡಿಸುತ್ತವೆ. ಅವಕ್ಕೆ ಬೇರೆಯೇ ಡಬ್ಬಿ. ಜಿಲೇಟಿನ್ ಕಾಗದ ಸೆಕೆಗೆ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ನಡುನಡುವೆ ಸಾದಾ ಬಿಳಿ ಹಾಳೆ ಇಡಿ. ಬೇಗಡೆಯನ್ನಂತೂ ಮಡಿಸಲೇಬೇಡಿ. ಬೇಗಡೆ ಎಂದರೆ ಮಿರುಗುವ ತೆಳು ತಗಡಿನ ಹಾಳೆ. ಯಕ್ಷಗಾನದ ವೇಷದ ಆಭರಣಗಳಲ್ಲಿ ಕಂಡಿರುತ್ತೀರಿ. ಒಮ್ಮೆ ಬಿದ್ದ ಗೆರೆ ಹೋಗುವುದಿಲ್ಲ. ಹಾಳೆಗಳ ನಡುವೆ ಹಳೆಯ ವರ್ತಮಾನ ಪತ್ರಿಕೆ ಇಡುವ ರೂಢಿ ಬಿಡಿ. ಅದರ ಮಸಿ ಹತ್ತುತ್ತದೆ, ಆ ಅಗ್ಗದ ಕಾಗದ ತಾನೂ ಹಳದಿಯಾಗಿ ನೆರೆಯ ಹಾಳೆಯನ್ನೂ ಹಳದಿ ಮಾಡುತ್ತದೆ.

ಡಬ್ಬಿಯಲ್ಲಿ ನುಸಿಗುಳಿಗೆ ಹಾಕಿದೆವು, ಆದರೂ ಬೂಷ್ಟು ಬಂತು ಎಂದು ಕೆಲವರು ಹೇಳುತ್ತಾರೆ. ನುಸಿಗುಳಿಗೆ (ನಿಮಗೆ ಡಾಂಬರ ಗೋಳಿ ಎಂದರೆ ಬೇಗ ತಿಳಿದೀತು) ಹುಳವನ್ನು ದೂರವಿಡುತ್ತದೆ, ತೇವವನ್ನಲ್ಲ. ತೇವಕ್ಕೆ ಸಿಲಿಕಾ ಜೆಲ್. ಅದೂ ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಬೂಟಿನ ಡಬ್ಬಿಯಲ್ಲಿ ತಿಂಗಳುಗಟ್ಟಲೆ ತೆರೆದು ಬಿದ್ದಿದ್ದ ಪೊಟ್ಟಣ ಆಗಲೇ ನೀರು ಕುಡಿದು ಮಲಗಿರುತ್ತದೆ. ಇನ್ನೊಂದು ಮಾತು, ಮಳೆಯ ದಿನ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ತೇವವನ್ನೇ ಒಳಗೆ ಕಟ್ಟಿದಂತೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಒಣ ದಿನ ನೋಡಿ, ಹಾಳೆಗಳನ್ನು ಅರ್ಧ ದಿನ ನೆರಳಿನಲ್ಲಿ ಹರಡಿ, ಆಮೇಲೆ ಕಟ್ಟಿ. ಬಿಸಿಲಿಗೆ ಬೇಡ, ಬಣ್ಣ ಮಾಸುತ್ತದೆ.

ಮುಂಬಯಿಗೆ ಹೋಗಿ ಕ್ರಾಫರ್ಡ್ ಮಾರ್ಕೆಟ್ ಬಳಿಯ ಅಬ್ದುಲ್ ರೆಹಮಾನ್ ಸ್ಟ್ರೀಟಿನಿಂದ ಕಾಗದ ತರುವವರಿಗೆ ಒಂದು ಕಿವಿಮಾತು. ಸಂಜೆ ಆರರ ಕಲ್ಯಾಣ ಲೋಕಲ್‌ನಲ್ಲಿ 28 ಇಂಚಿನ ಹಾಳೆ ಹಿಡಿದು ಹತ್ತಬೇಡಿ. ಬಟ್ಟೆ ಅಂಗಡಿಯಲ್ಲಿ ತಾನು ಸುತ್ತಿ ಬರುವ ರಟ್ಟಿನ ಕೊಳವೆಯನ್ನು ಕೇಳಿ ತಂದಿಟ್ಟುಕೊಳ್ಳಿ. ಹಾಳೆಗಳನ್ನು ಅದರ ಸುತ್ತ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದೆಸಿ ತನ್ನಿ. ಮನೆಗೆ ಬಂದ ರಾತ್ರಿಯೇ ಬಿಚ್ಚಿ ಮಲಗಿಸಿ.

ಕಾಗದ ಹಾಳಾದರೆ ಇನ್ನೊಮ್ಮೆ ಕೊಳ್ಳಬಹುದು. ಕೊಳ್ಳಲಾಗದ ವಸ್ತುವೊಂದು ಅದೇ ಸುರುಳಿಯೊಳಗೆ ಇರುತ್ತದೆ, ಅದು ಮಾದರಿ. ಕರಾವಳಿಯವರು ಗೂಡುದೀಪ ಎನ್ನುತ್ತಾರೆ, ಘಟ್ಟದ ಮೇಲಿನವರು ಆಕಾಶಬುಟ್ಟಿ, ನೀವು ಕಂದೀಲು. ಅಜ್ಜನೋ ಮಾವನೋ ಊರಿನ ಲೆಕ್ಕದಲ್ಲಿ ಕತ್ತರಿಸಿಟ್ಟ ಚೌಕ, ತ್ರಿಕೋನ, ಕೆಳಗಿನ ಬಾಲದ ಜಾಲರಿಯ ರಟ್ಟು ನೋಡಲು ರದ್ದಿಯ ಹಾಗೆಯೇ ಇರುತ್ತದೆ. ದೀಪಾವಳಿಯ ಸ್ವಚ್ಛತೆಯಲ್ಲಿ ಮೊದಲು ಹೋಗುವುದೂ ಅದೇ. ಅದು ಹೋದರೆ ಮುಂದಿನ ವರ್ಷ ಅಂಗಡಿಯ ಪ್ಲಾಸ್ಟಿಕ್ ಕಂದೀಲೇ ಗತಿ.

ಆದ್ದರಿಂದ ಮಾದರಿಗಳಿಗೆ ಪ್ರತ್ಯೇಕ ಫೈಲು ಮಾಡಿ. ಒಂದೊಂದು ತುಂಡಿನ ಮೇಲೂ ಸೀಸದ ಕಡ್ಡಿಯಲ್ಲಿ ಬರೆಯಿರಿ: ಇಂಥದ್ದು ಎಷ್ಟು ಬೇಕು, ಬಿದಿರು ಕಡ್ಡಿಯ ಉದ್ದವೆಷ್ಟು, ಯಾರು ಕತ್ತರಿಸಿದ್ದು, ಯಾವ ವರ್ಷ. ಪೆನ್ನಿನ ಶಾಯಿ ತೇವಕ್ಕೆ ಹರಡೀತು. ಗಟ್ಟಿ ರಟ್ಟಿನ ಮೇಲೆ ಒಂದು ನಕಲು ತೆಗೆದು ಕೆಲಸಕ್ಕೆ ಅದನ್ನೇ ಬಳಸಿ, ಮೂಲವನ್ನು ಮುಟ್ಟಬೇಡಿ. ಮೊಬೈಲಿನಲ್ಲಿ ಚಿತ್ರ ತೆಗೆಯುವುದಾದರೆ ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಇಲ್ಲದಿದ್ದರೆ ಚಿತ್ರ ಉಳಿಯುತ್ತದೆ, ಅಳತೆ ಉಳಿಯುವುದಿಲ್ಲ.

ಡಬ್ಬಿಗಳ ಮೇಲಿನ ಚೀಟಿಯನ್ನು ಕನ್ನಡದಲ್ಲೇ ಬರೆಯಿರಿ ಎಂದು ನಾನು ಹೇಳುವುದು ಭಾಷಾಭಿಮಾನದಿಂದ ಮಾತ್ರವಲ್ಲ. ಹಗಲು ನೀವು ಕಾಲೇಜಿನಲ್ಲಿ, ಅಪ್ಪ ಅಮ್ಮ ಆಫೀಸಿನಲ್ಲಿ. ರದ್ದಿಯವನು ಬೆಲ್ ಒತ್ತಿದಾಗ ಬಾಗಿಲು ತೆಗೆಯುವವರು ಊರಿನಿಂದ ಬಂದ ಅಜ್ಜಿ. ಇಂಗ್ಲಿಷಿನ ಚೀಟಿ ಅವರಿಗೆ ಏನೂ ಹೇಳದು. ‘ಗೂಡುದೀಪದ ಮಾದರಿ, ಕೊಡಬೇಡಿ ಅಜ್ಜಿ’ ಎಂದು ದಪ್ಪ ಅಕ್ಷರದಲ್ಲಿದ್ದರೆ ಯಾವ ರದ್ದಿಯವನೂ ಅದನ್ನು ತೂಗಲಾರ. ಒತ್ತಕ್ಷರ ತಪ್ಪಿದ್ದರೆ ಸಂಜೆ ಅಜ್ಜಿಯೇ ತಿದ್ದಿಸುತ್ತಾರೆ.

ಅಂಟಿನ ವಿಚಾರ ಉಳಿಯಿತು. ಮೈದಾ ಅಂಟು ಹುಳಕ್ಕೆ ಔತಣ. ಅಂಟಿಸಿದ ವಸ್ತುಗಳನ್ನು ಹಾಳೆಗಳ ಜೊತೆ ಇಡಬೇಡಿ ಎಂದಷ್ಟೇ ಈಗ ಹೇಳುತ್ತೇನೆ. ಅಂಟು ಕಾಯಿಸುವ ಬಗೆ ಮುಂದಿನ ಸಂಚಿಕೆಯಲ್ಲಿ.